ಬಿಟ್ಟುಕೊಟ್ಟ ಸೀಟು

ಜಲನಗರದ ಸ್ಕ್ಯಾನಿಂಗ್ ಸೆಂಟರಿನವರು ಕಸ ಗುಡಿಸುವಾಗ ಸರ್ವರಿನ ವೈರು ಕಿತ್ತು ನೆಟ್‌ವರ್ಕ್ ನಿಲ್ಲಿಸುತ್ತಾಳೆಂದು ಸೋನಾಬಾಯಿಯ ಮಗಳು ಪೂನಮಳನ್ನು ಕೆಲಸದಿಂದ ತೆಗೆದಿದ್ದರು. ‘ತಪ್ಪು ಹೊಟ್ಟ್ಯಾಗ ಹಾಕ್ಕೊಳ್ರಿ’ ಎಂದು ಸಾಹೇಬರ ಕಾಲು ಹಿಡಿದರೂ ಏನೂ ಗಿಟ್ಟದೆ, ಆಕೆ ಹೊನವಾಡದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಳು. ಪಕ್ಕದ ಸೀಟಿನಲ್ಲಿ ಅದೇ ಸೆಂಟರಿನ ಕಾರ್ಡು ಕೊರಳಿಗೆ ಹಾಕಿಕೊಂಡ ಇಬ್ಬರು ಹುಡುಗರು.

“ಕುನಾಲ, ಡೇಟಾ ಸಣ್ಣ ಸಣ್ಣ ಪ್ಯಾಕೆಟ್ ಮಾಡಿ ಕಳಿಸಿದ್ರ ಸರ್ವರ್ ಚಲೋ ಓಡತೈತಿ. ಪೇಷಂಟ್ ಗದ್ದಲದಾಗ ದೊಡ್ಡ ಪ್ಯಾಕೆಟ್ ನುಗ್ಗಿದ್ವು, ನೆಟ್‌ವರ್ಕ್ ಗಪ್ಪನ ನಿಂತಬಿಡ್ತು.”

“ಚೆಕ್ ಮಾಡುಮುಂದ ನಾವು ಬರೇ ಸಣ್ಣವು ಕಳಿಸಿ ನೋಡಿದ್ವಿ. ಅದಕ್ಕ ತಪ್ಪು ಎಲ್ಲೈತಿ ಅಂತ ಸಿಗಲಿಲ್ಲ.”

“ಅಂದ್ರ ಪೂನಮ ವೈರ್ ಕಿತ್ತೇ ಇಲ್ಲ! ಸಾಹೇಬ್ರಿಗೆ ಹೇಳೂಣೇನ?”

“ಹುಚ್ಚ ಅದೀಯೇನಲೇ? ಇವತ್ತ ಪ್ಯಾಕೆಟ್ ಸೈಜ್ ಇಳಿಸೇನಿ, ಇನ್ನ ನಿಂದ್ರಂಗಿಲ್ಲ. ಆಕಿ ಹೋದ್ಲು, ಪೀಡಾ ಹೋತು ಅಂತಾರ ಸಾಹೇಬ್ರು.”

“ಪಾಪ, ಆಕಿ...”

“ಹಂಗಾದ್ರ ನಿನ್ನ ನೌಕರಿ ಆಕಿಗಿ ಕೊಡು,” ಎಂದ ಕುನಾಲ.

ತಿಕೋಟಾ ಬಂತು. ಕುನಾಲ ಎದ್ದು ಸೋನಾಬಾಯಿಯತ್ತ ತಿರುಗಿದ.

“ಬೇ, ಇಲ್ಲಿ ಕುಂದರ್ರಿ. ಆಗಿಂದ ನಿಂತೀರಿ.”

“ದೇವ್ರು ನಿನ್ನ ಚಲೋ ಇಟ್ಟಿರ್ಲಿ, ಯಪ್ಪಾ.”

ರೂಢಿಯ ಮಾತು. ಬಾಯಿಂದ ಜಾರಿದ ಮೇಲೆಯೇ, ತಾನು ಹರಸಿದ್ದು ಯಾರನ್ನೆಂದು ಸೋನಾಬಾಯಿಗೆ ಹೊಳೆಯಿತು. ಅಷ್ಟರಲ್ಲಿ ಇಬ್ಬರೂ ಇಳಿದು ಹೋಗಿದ್ದರು.