ಮಾದರಿ ಲಗ್ನಪತ್ರಿಕೆ

ಔಷಧಿ ಅಂಗಡಿಯವನು ತನ್ನ ರಬ್ಬರ್ ಸ್ಟಾಂಪಿಗಾಗಿ ಪ್ರಿಂಟಿಂಗ್ ಅಂಗಡಿಯ ಬೆಂಚಿನ ಮೇಲೆ ಕಾದು ಕೂತಿದ್ದ. ಬಟ್ಟೆಗೆ ಹೊಲಿಯುವ ಲೇಬಲ್ ಒಯ್ಯಲು ಬಂದಿದ್ದ ಟೈಲರ್ ಹುಡುಗಿ, ಗಿರಾಕಿಗಳಿಗೆ ತೋರಿಸಲೆಂದು ಕೌಂಟರಿನ ಮೇಲಿಟ್ಟಿದ್ದ ಮಾದರಿ ಲಗ್ನಪತ್ರಿಕೆಗಳಲ್ಲಿ ಒಂದನ್ನು ಎತ್ತಿಕೊಂಡಳು.

“ಇದರಲ್ಲಿ ವರ ನೀವಾ?”

ಅಂಗಡಿಯ ಮುದ್ರಕ ತನ್ನ ಯಂತ್ರದಿಂದ ತಲೆ ಎತ್ತಲಿಲ್ಲ. “ಮಾದರಿ ಅಂದ್ಮೇಲೆ ಯಾರದಾದ್ರೂ ಹೆಸರು ಹಾಕ್ಬೇಕಲ್ಲ.”

“ವಧು ನಾನು.”

“ಲೇಬಲ್ಲಿಗೆ ಟೈಪ್ ಮಾಡಿದ ಹೆಸರು ಕಂಪ್ಯೂಟರಲ್ಲೇ ಇತ್ತು. ಕೈಗೆ ಸಿಕ್ಕಿದ್ದು ಹಾಕ್ದೆ.”

“ನಮ್ಮಪ್ಪನ ಹೆಸರೂ ಕೈಗೆ ಸಿಕ್ತಾ?”

“ಅದು... ವಿಚಾರಿಸಿದೆ.”

“ನಮ್ಮಜ್ಜಿದು?”

“ಅದನ್ನೂ.”

ಔಷಧಿ ಅಂಗಡಿಯವನು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದ.

“ಊರಿಗೆಲ್ಲ ಡಂಗುರ ಸಾರಿದ್ದಾಯ್ತು, ಹುಡುಗಿಗೆ ಮಾತ್ರ ಪ್ರೂಫ್ ತೋರಿಸ್ಲಿಲ್ಲ. ಲೇಬಲ್ಲಿಗಾದ್ರೆ ಮೂರು ಸಲ ತೋರಿಸ್ತೀರಿ.”

“ತಪ್ಪಾಯ್ತು. ತೆಗೆದುಬಿಡ್ತೀನಿ.”

“ತೆಗೀರಿ ಅಂದೆನಾ ನಾನು?” ಅವಳು ಅಲ್ಲಿದ್ದ ಪೆನ್ನಿನಿಂದ ಪತ್ರಿಕೆಯ ಮೇಲೆ ಒಂದೇ ಒಂದು ಗೆರೆ ಎಳೆದಳು. “ತಾರೀಖು ಹೋದ ವರ್ಷದ್ದು. ಅದೊಂದು ತಿದ್ದಿ, ಮನೆಗೆ ತಂದು ಅಪ್ಪನಿಗೆ ತೋರಿಸಿ.”

ಹೇಳುವಷ್ಟು ಹೇಳಿ, ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋದಳು. ಅವಳು ಒಯ್ಯಲು ಬಂದಿದ್ದ ಲೇಬಲ್ಲಿನ ಕಟ್ಟು ಕೌಂಟರಿನ ಮೇಲೆಯೇ ಉಳಿಯಿತು.