ಹೆಣದ ಮುಂದೆ ಹೇಳದ ಪಾಪ

ತುಮ್ಮನಟ್ಟಿಯ ಬಸ್ ನಿಲ್ದಾಣದಲ್ಲಿ ಆ ಇಬ್ಬರೂ ಮಲರ್‌ಕೊಡಿಯ ಪಕ್ಕದಲ್ಲೇ ಬಂದು ಕೂತರು. ಆ ಬೆಳಿಗ್ಗೆ ಸುರೇಂದ್ರನ್‌ನ ಹೆಣದ ಮುಂದೆ ನಿಂತು, ಸತ್ತವನ ಪಾಪಗಳನ್ನು ಪದ್ಧತಿಯಂತೆ ಒಂದೊಂದಾಗಿ ಹೇಳಿದವರು ಹಾಲಜ್ಜ. ಜೊತೆಗಿದ್ದವಳು ಅವರ ಮೊಮ್ಮಗಳು ಅಭಿನಯಾ. ಕೊಯಮತ್ತೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಳೆ. ಪ್ರತಿ ಪಾಪಕ್ಕೂ “ಹೋಗಲಿ” ಎಂದು ದನಿಗೂಡಿಸಿದ ಹಟ್ಟಿಯ ಜನರಲ್ಲಿ ಮಲರ್‌ಕೊಡಿಯೂ ಇದ್ದಳು.

“ಅದನ್ನ ಕಾಲೇಜಿಗೆ ಬರೆದು ಕೊಡಬೇಡ ಕೂಸೇ. ಅವನ ಪಾಪ ಬೆಳಿಗ್ಗೆನೇ ಕಳೀತಲ್ಲ.”

“ಹಲ್ಲಿ ಕೊಂದ ಅಂದೆ, ಹಸಿ ಮರ ಕಡಿದ ಅಂದೆ. ಬೇಲಿಗೆ ಕರೆಂಟ್ ಬಿಟ್ಟ ಅಂತ ಹೇಳಲೇ ಇಲ್ಲ ಅಜ್ಜ.”

“ಕಾಡೆಮ್ಮೆ ಕ್ಯಾರೆಟ್ ತಿನ್ನಬಾರದು ಅಂತ ಬಿಟ್ಟ.”

“ಸತ್ತದ್ದು ಕೂಲಿಗೆ ಬಂದ ಮುರಳಿ.”

“ಅವನನ್ನ ಕಾಡೆಮ್ಮೆ ತಿವೀತು ಅಂತ ಊರೇ ಹೇಳಿದೆ.”

“ಹೆಣಾನ ಬೇಲಿಯಿಂದ ಬಿಡಿಸಿ ಕಾಡಿನ ಅಂಚಿಗೆ ಹೊತ್ತವರಲ್ಲಿ ನೀನೂ ಇದ್ದೆ. ಮುರಳಿ ಹೆಂಡತಿ ನೋಡಿದ್ದಾಳೆ.”

ಅಜ್ಜ ಮುಂಡಾಸು ಬಿಚ್ಚಿ ಮತ್ತೆ ಸುತ್ತಿಕೊಂಡರು.

“ಇದನ್ನ ಬರೆದರೆ ನಿನಗೆ ಪೇಪರ್‌ನಲ್ಲಿ ಕೆಲಸ ಸಿಗಬಹುದು. ಹಟ್ಟಿಗೆ ಮಾತ್ರ ಕಾಲಿಡೋಕಾಗಲ್ಲ.”

“ಗೊತ್ತು.”

“ನನ್ನ ಹೆಸರೂ ಬರುತ್ತಾ?”

“ಬರುತ್ತೆ.”

ದೂರದ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

“ನಾನು ಸಾಯೋವರೆಗೂ ತಡಿ. ನನ್ನ ಹೆಣದ ಮುಂದೆ ಅದನ್ನೂ ಸೇರಿಸಿ ಹೇಳಿಸು.”

ಅಭಿನಯಾ ಚೀಲ ಹೆಗಲಿಗೇರಿಸಿದಳು.

“ಅಲ್ಲಿ ಹೇಳೋದು ನಾನಲ್ಲವಲ್ಲ ಅಜ್ಜ. ಹೇಳೋರು ಮತ್ತೆ ಹಲ್ಲಿ ಕೊಂದ ಅಂತಾರೆ, ಊರು ಹೋಗಲಿ ಅನ್ನುತ್ತೆ.”

ಅವಳು ಬಸ್ ಹತ್ತಿದಳು. ಅಜ್ಜ ಹಟ್ಟಿಯ ದಾರಿ ಹಿಡಿದರು. ಅದೇ ಬಸ್ಸಿಗೆ ಕಾದಿದ್ದ ಮಲರ್‌ಕೊಡಿ, ಬೆಳಿಗ್ಗೆ ತಾನೂ ಅಂದಿದ್ದ “ಹೋಗಲಿ”ಗಳನ್ನು ಎಣಿಸುತ್ತಾ ಕೂತಲ್ಲೇ ಕೂತಿದ್ದಳು.