ಐವಿ ಕಾರು ಓಡಿಸಿದ್ದು

ಹೌದು, ನಾನೇ ಓಡಿಸಿದ್ದು! ಎಂತಕ್ಕೆ ನಗ್ತೀರಿ ರೊನಾಲ್ಡ್? ಹೆಂಡತಿಗೆ ಲೈಸೆನ್ಸ್ ಇದ್ರೂ ಇಲ್ಲಿ ಕುವೈತಿನ ಹವಲ್ಲಿಯಲ್ಲಿ ಕಾರು ಪಾರ್ಕ್ ಮಾಡ್ಲಿಕ್ಕೆ ಒಂದು ದಿನ ಕೀ ಕೊಡದವರು ನೀವು. ಅಲ್ಲಿ ಪೋರ್ಚುಗಲ್‌ನಲ್ಲಿ ಗುಡ್ಡದ ದಾರಿ. ಒಂದು ಬದಿ ಕಲ್ಲಿನ ಗೋಡೆ, ಇನ್ನೊಂದು ಬದಿ ಕಮರಿ... ಅದೂ ಗೇರು ಹಾಕುವ ಕಾರು! ನಾವು ಮೂರೇ ಹೆಂಗಸರು, ಹಿಂದೆ ಫ್ರೀಡಾ ಕಣ್ಣು ಮುಚ್ಚಿ ಜಪಸರ ಹಿಡಿದು ಕೂತಿದ್ಳು. ಕ್ಲಾರಾ ಮಾತ್ರ "ಯಲ್ಲಾ ಐವಿ, ನಡಿ ನಡಿ, ಯಲ್ಲಾ!" ಅಂತ ಕೂಗ್ತಾ ಇದ್ಳು.

ಇರಿ, ಸೂಟ್‌ಕೇಸ್ ಆಮೇಲೆ ಬಿಚ್ಚುವ. ಮೊದಲು ಕೇಳಿ.

ಫಾತಿಮಾ ಮಾತೆಯ ಚರ್ಚಿನ ಹತ್ತಿರ ಇದ್ದದ್ದು ಎರಡೇ ದಿನ. ಮೇಣದಬತ್ತಿ ಹಚ್ಚಿದ್ದು, ಪ್ರಾರ್ಥನೆ ಮಾಡಿದ್ದು, ಎಲ್ಲ ಸರಿ. ಉಳಿದ ಎಂಟು ದಿನ ಹಳ್ಳಿ ಹಳ್ಳಿ ತಿರುಗಿದ್ದು. ಹೇಳಿ, ಬೇಕಾದ್ರೆ ನಿಮ್ಮ ಅಕ್ಕನಿಗೂ ಹೇಳಿ! ಯಾತ್ರೆ ಅಂತ ಹೋಗಿ ಮೋಜು ಮಾಡಿದ್ಳು ಅಂತ. ಮಾಡಿದೆ ಮಾರಾಯ್ರೆ, ಮಾಡಿದೆ!

ಒಂದು ಊರು... ಗುಡ್ಡದ ತುದಿಯಲ್ಲಿ. ಇಡೀ ಊರಿಗೇ ಕೋಟೆ! ಏಳುನೂರು ವರ್ಷದ ಗೋಡೆಯಂತೆ. ನಾವು ದಾರಿ ತಪ್ಪಿ ಅಲ್ಲಿಗೆ ಹೋದದ್ದು. ಮೊಬೈಲಿಗೆ ಸಿಗ್ನಲ್ ಇಲ್ಲ, ಉರಿ ಮಧ್ಯಾಹ್ನ, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಒಬ್ಬಳು ಅಜ್ಜಿ ಬಾಗಿಲು ತೆಗೆದು ಒಳಗೆ ಕರೆದ್ಳು. ಅವಳ ಭಾಷೆ ನಮಗೆ ಬರುವುದಿಲ್ಲ, ನಮ್ಮದು ಅವಳಿಗೆ... ಕ್ಲಾರಾ ನನ್ನ ಹತ್ತಿರ ಕೊಂಕಣಿಯಲ್ಲಿ ಎಂತದೋ ಹೇಳ್ತಾ "ಜನೆಲ್" ಅಂದ್ಳು ನೋಡಿ, ಅಜ್ಜಿ ಓಡಿಹೋಗಿ ಕಿಟಕಿ ಮುಟ್ಟಿ "ಜನೆಲಾ! ಜನೆಲಾ!" ಅಂತ ಚಪ್ಪಾಳೆ ತಟ್ಟಿದ್ಳು. ನಾನು ಮೇಜು ಬಡಿದು "ಮೇಜ್" ಅಂದೆ. "ಮೇಜಾ!" ಅಂದ್ಳು. ಆಮೇಲೆ ಬ್ರೆಡ್ಡೇನು, ಸೂಪೇನು, ಆಲಿವ್ ಏನು... ಫ್ರೀಡಾ ಅತ್ತೇ ಬಿಟ್ಳು.

ಯಾಕೆ ಅಂತ ಕೇಳ್ತೀರಾ? ನಾವು ಮೂವರು ಒಂದೇ ವಿಮಾನದಲ್ಲಿ ಕುವೈತಿಗೆ ಬಂದವರು. ನರ್ಸ್‌ಗಳ ಹಾಸ್ಟೆಲಿನಲ್ಲಿ ಒಂದೇ ರೂಮು. ಒಂದು ಸಲ ಒಟ್ಟಿಗೆ ಫಾತಿಮಾಕ್ಕೆ ಹೋಗುವ ಅಂತ ಆವಾಗಲೇ ಮಾತಾಡಿಕೊಂಡದ್ದು. ಇಪ್ಪತ್ತೆರಡು ವರ್ಷ! ಒಮ್ಮೆ ನಿಮ್ಮ ಅಮ್ಮನ ಆಪರೇಷನ್, ಒಮ್ಮೆ ಮಗನ ಪರೀಕ್ಷೆ, ಒಮ್ಮೆ ಕೊರೊನಾ. ಮುಂದಿನ ತಿಂಗಳು ಕ್ಲಾರಾ ಊರಿಗೆ, ಖಲಾಸ್. ಈ ಸಲ ಬಿಟ್ಟಿದ್ರೆ ಇನ್ನು ಯಾವಾಗ?

ಆಯ್ತು, ಏಳುವ. ನನಗೆ ನಾಳೆ ಬೆಳಗ್ಗಿನ ಡ್ಯೂಟಿ. ಐದಕ್ಕೆ ಅಲಾರಂ ಇಡಿ ಸ್ವಲ್ಪ.

ಇಡಿ ಅಂದೆ... ಎಂತ ನನ್ನನ್ನೇ ನೋಡ್ತೀರಿ? ಮೊಬೈಲು ಕೈಯಲ್ಲೇ ಉಂಟಲ್ಲ?

ರೊನಾಲ್ಡ್... ಆಸ್ಪತ್ರೆಯಿಂದ ಫೋನ್ ಬಂದಿತ್ತಾ?

ಯಾವಾಗ? ನಾನು ಅಲ್ಲಿರುವಾಗಲೇ? ಅಂದ್ರೆ ಗೊತ್ತಿದ್ದೂ ಏರ್‌ಪೋರ್ಟಿಗೆ ಬಂದ್ರಾ... ದಾರಿಯುದ್ದಕ್ಕೂ ಒಂದು ಮಾತು ಕೇಳಲಿಲ್ಲ...

ಹೌದು. ರಜೆ ಸಿಕ್ಕಿತು ಅಂದದ್ದು ಸುಳ್ಳು. ಮೂರನೇ ಸಲವೂ ಇಲ್ಲ ಅಂದ್ರು, ಅಲ್ಲೇ ನಿಂತು ರಾಜೀನಾಮೆ ಬರೆದುಕೊಟ್ಟೆ. ಕೆಲಸ ಹೋದ್ರೆ ಇಲ್ಲಿ ಇರ್ಲಿಕ್ಕೆ ಕೊಟ್ಟ ಇಕಾಮಾವೂ ಹೋಗ್ತದೆ, ಈ ದೇಶ ಬಿಡಬೇಕಾಗ್ತದೆ ಅಂತ ನನಗೆ ಗೊತ್ತಿಲ್ಲವಾ? ಗೊತ್ತಿದ್ದೇ ಕೊಟ್ಟದ್ದು.

ಹೇಳಿದ್ರೆ ನೀವು ಬೇಡ ಅಂತಿದ್ರಿ. ಬೇಡ ಅಂದ್ರೆ ನಾನು ನಿಂತುಬಿಡ್ತಿದ್ದೆ, ಯಾವಾಗಲೂ ನಿಂತ ಹಾಗೆ. ನನಗೆ ಹೆದರಿಕೆ ಇದ್ದದ್ದು ನಿಮ್ಮದಲ್ಲ ರೊನಾಲ್ಡ್, ನನ್ನದೇ.

ಬೈಯುವುದಿದ್ರೆ ಬೈಯಿರಿ. ಎಷ್ಟು ದಿನ ಬೇಕಾದ್ರೂ ಬೈಯಿರಿ. ಆ ರಾಜೀನಾಮೆ ಪತ್ರ ಮಾತ್ರ ನಾನು ವಾಪಸ್ ಕೇಳುವುದಿಲ್ಲ.